ತಲೆಬಾಗಿಲು ತೆರೆಯುವ ದಿಕ್ಕು

ಹೊಸ ಮನೆಯನ್ನು ಕಟ್ಟಿಸತಕ್ಕ ಗೃಹಸ್ಥನು ತಲೆಬಾಗಿಲಿನ ವಿಷಯದಲ್ಲಿ ಅನೇಕ ಸಂಗತಿಗಳನ್ನು ವಿಚಾರಿಸುತ್ತಾನೆ. ಅದು ಪೂರ್ವಾಭಿಮುಖವಾಗಿರಬೇಕೋ ಉತ್ತರಾಭಿಮುಖವಾಗಿರಬೇಕೋ, ಮರವು ತೇಗವಾಗಬೇಕೋ ಹಲಸಾಗಬೇಕೋ, ಕದವು ಒಂಟಿಯೋ ಜೋಡಿಯೋ, ಬಾಗಿಲವಾಡವನ್ನು ನಿಲ್ಲಿಸುವುದಕ್ಕೆ ಯಾವ ದಿನ ಪ್ರಶಸ್ತವೋ, ಇವೆಲ್ಲವನ್ನೂ ಹಿರಿಯರೊಡನೆಯೂ ಜೋಯಿಸರೊಡನೆಯೂ ಆಲೋಚಿಸಿ ಗೊತ್ತುಮಾಡುತ್ತಾನೆ. ಆದರೆ ಆ ಕದವು ಒಳಕ್ಕೆ ತೆರೆಯಬೇಕೋ ಹೊರಕ್ಕೆ ತೆರೆಯಬೇಕೋ ಎಂದು ಕೇಳುವವರು ವಿರಳ. ಬಡಗಿಯು ಯಾರನ್ನೂ ಕೇಳದೆ ಅದನ್ನು ಒಳಕ್ಕೆ ತೆರೆಯುವಂತೆ ಕೂಡಿಸುತ್ತಾನೆ. ಮನೆಯವರೂ ಅದು ಹಾಗೆಯೇ ಇರತಕ್ಕದ್ದೆಂದು ಒಪ್ಪಿಕೊಳ್ಳುತ್ತಾರೆ. ಇಷ್ಟು ಅಲ್ಪವೆಂದು ತೋರುವ ಈ ಸಂಗತಿಯು ಒಂದು ಪಟ್ಟಣದಲ್ಲಿ ಅರಸನ ಬೊಕ್ಕಸಕ್ಕೆ ಆದಾಯದ ಮಾರ್ಗವಾಯಿತು. ಇನ್ನೊಂದರಲ್ಲಿ ವೀರನೊಬ್ಬನಿಗೆ ಸಂದ ಮರ್ಯಾದೆಯ ಗುರುತಾಯಿತು. ಈಚಿನ ನೂರೈವತ್ತು ವರ್ಷಗಳಲ್ಲಿ ಸಾವಿರಾರು ಜನರ ಸಾವುಬದುಕಿನ ಪ್ರಶ್ನೆಯೂ ಆಯಿತು.

ಮೊದಲು ಬೊಕ್ಕಸದ ಮಾತು. ಅಥೆನ್ಸ್ ಪಟ್ಟಣವನ್ನು ತನ್ನ ವಶಪಡಿಸಿಕೊಂಡು ಆಳಿದ ಪೈಸಿಸ್ಟ್ರಾಟಸನು ತೀರಿಕೊಂಡ ಮೇಲೆ, ಕ್ರಿ. ಪೂ. ೫೨೭ರಲ್ಲಿ, ಆತನ ಮಗನಾದ ಹಿಪ್ಪಿಯಸನು ಅಧಿಕಾರಕ್ಕೆ ಬಂದನು. ಕ್ರಿ. ಪೂ. ೫೧೦ರಲ್ಲಿ ದೇಶಭ್ರಷ್ಟನಾಗುವವರೆಗೂ ಆತನೇ ಅಲ್ಲಿ ಒಡೆಯ. ಅರಿಸ್ಟಾಟಲನ ಹೆಸರಿನಲ್ಲಿ ಪ್ರಚಾರದಲ್ಲಿದ್ದರೂ ಆತನ ತರುವಾಯದವರು ಬರೆದುದೆಂದು ವಿದ್ವಾಂಸರು ಎಣಿಸುವ ಗ್ರಂಥವೊಂದರಲ್ಲಿ, ದೊರೆಗಳು ಹಣವನ್ನು ಕೂಡಿಸಿದ ಉಪಾಯಗಳ ಒಂದು ಪಟ್ಟಿಯುಂಟು. ಅದರಲ್ಲಿ ಹಿಪ್ಪಿಯಸನ ಉಪಾಯವೂ ಬಂದಿದೆ. ಬೀದಿಯ ಮೇಲಕ್ಕೆ ಚಾಚಿಕೊಂಡ ಉಪ್ಪರಿಗೆಗಳು, ಬೀದಿಗಿಳಿಯುವ ಮೆಟ್ಟಲುಗಳು, ಕಟಕಟೆಗಳು ಮತ್ತು ಹೊರಕ್ಕೆ ತೆರೆಯುವ ಬಾಗಿಲುಗಳು, ಇವಿಷ್ಟನ್ನೂ ಆತನು ಮಾರಾಟಕ್ಕಿಟ್ಟನು. ಕೊಳ್ಳುವವರು ಬೇರೆ ಯಾರು? ಮನೆಯ ಯಜಮಾನರೇ ಬಂದು ತಮ್ಮ ಬಾಗಿಲುಗಳನ್ನು ತಾವೇ ಹಣ ಕೊಟ್ಟು ಬಿಡಿಸಿಕೊಂಡರು. ಬೊಕ್ಕಸಕ್ಕೆ ದೊಡ್ಡ ಮೊತ್ತವು ಸಂದಿತು.

ಇದು ಬರಿಯ ಸುಲಿಗೆಯೆಂದು ನಗುವುದು ಸುಲಭ. ಆದರೆ ಈ ಸುಲಿಗೆಯ ಹಿಂದೆ ಒಂದು ನ್ಯಾಯದ ಎಳೆಯೂ ಇದೆ. ಮನೆಯ ಗೋಡೆಯವರೆಗಿನ ನೆಲವು ಯಜಮಾನನದು, ಅದರಿಂದಾಚೆಯದು ಪಟ್ಟಣದ್ದು. ಹೊರಕ್ಕೆ ತೆರೆಯುವ ಕದವು ತೆರೆದಷ್ಟು ಸಲವೂ ತನ್ನ ಅಗಲದಷ್ಟು ಬೀದಿಯನ್ನು ಆಕ್ರಮಿಸುತ್ತದೆ. ಎರಡು ಕತ್ತೆಗಳು ಹೇರಿನೊಡನೆ ಎದುರುಬದುರಾದರೆ ಒಂದು ನಿಲ್ಲಬೇಕಾದಂತಹ ಓಣಿಗಳಲ್ಲಿ ಆ ಎರಡು ಮೂರು ಅಡಿ ಅಲ್ಪವಾದುದಲ್ಲ. ಈ ನ್ಯಾಯದ ಬಲದಿಂದಲೇ, ಹಿಪ್ಪಿಯಸನ ಆಳ್ವಿಕೆ ಅಳಿದು ಪ್ರಜಾಪ್ರಭುತ್ವವು ಬಂದ ಮೇಲೆಯೂ ಅದೇ ಉಪಾಯವು ಮರಳಿತು. ಕ್ರಿ. ಪೂ. ನಾಲ್ಕನೆಯ ಶತಮಾನದ ದಂಡನಾಯಕ ಇಫಿಕ್ರಟೀಸನು ಹಣದ ಅಡಚಣೆಯ ಕಾಲದಲ್ಲಿ, ಬೀದಿಗೆ ಚಾಚಿದ ಕಟ್ಟಡಗಳನ್ನು ಕೆಡವಬೇಕು ಇಲ್ಲವೆ ಮಾರಬೇಕು ಎಂದು ಅಥೆನ್ಸಿನವರನ್ನು ಒಡಂಬಡಿಸಿದನೆಂದು ಪಾಲಿಯೀನಸನು ಬರೆದಿರುವನು. ಅಥೆನ್ಸಿನ ರಾಜ್ಯವ್ಯವಸ್ಥೆಯನ್ನು ಕುರಿತು ಅರಿಸ್ಟಾಟಲನದೆಂದು ಹೇಳುವ ಗ್ರಂಥವು ಶತಮಾನಗಳ ಕಾಲ ಕಣ್ಮರೆಯಾಗಿದ್ದು, ಈಜಿಪ್ಟಿನಲ್ಲಿ ದೊರೆತ ಪಪೈರಸ್ ಸುರುಳಿಗಳಿಂದ ೧೮೯೧ರಲ್ಲಿ ಅಚ್ಚಾಯಿತಷ್ಟೆ. ಅದರಲ್ಲಿ ನಗರಪಾಲಕರೆಂಬ ಹತ್ತು ಮಂದಿ ಅಧಿಕಾರಿಗಳ ಕರ್ತವ್ಯಗಳು ಹೇಳಲ್ಪಟ್ಟಿವೆ. ಐವರು ಪಟ್ಟಣಕ್ಕೆ, ಐವರು ರೇವಿಗೆ. ಕಟ್ಟಡಗಳು ಬೀದಿಯನ್ನು ಕಬಳಿಸದಂತೆಯೂ, ಮೊಗಸಾಲೆಗಳು ಬೀದಿಯ ಮೇಲೆ ತೂಗದಂತೆಯೂ, ಮೇಲಿನ ದೋಣಿಗಳ ನೀರು ದಾರಿಹೋಕರ ತಲೆಯ ಮೇಲೆ ಬೀಳದಂತೆಯೂ, ಕಿಟಕಿಗಳು ಬೀದಿಗೆ ತೆರೆಯದಂತೆಯೂ ನೋಡಿಕೊಳ್ಳುವುದು ಅವರ ಕೆಲಸ. ಪುರಸಭೆಯ ಇಂಜಿನಿಯರನು ಇಂದಿಗೂ ಇದೇ ಜಗಳಗಳನ್ನು ಬಗೆಹರಿಸುತ್ತಿರುವನೆಂಬುದನ್ನು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಅಥೆನ್ಸಿನಲ್ಲಿ ತಪ್ಪೆಂದು ತೆರಿಗೆ ತೆತ್ತ ಬಾಗಿಲು ರೋಮಿನಲ್ಲಿ ಬಿರುದಾಯಿತು. ಅರಸರನ್ನು ಓಡಿಸಿ ಗಣರಾಜ್ಯವನ್ನು ಸ್ಥಾಪಿಸಿದವರಲ್ಲಿ ಪ್ರಮುಖನಾದ ವಲೇರಿಯಸ್ ಪಬ್ಲಿಕೋಲನಿಗೆ ಮಾರ್ಕಸನೆಂಬ ಸಹೋದರನಿದ್ದನು. ಆತನು ಸಾಂಪ್ರದಾಯಿಕ ಗಣನೆಯಂತೆ ಕ್ರಿ. ಪೂ. ೫೦೫ರಲ್ಲಿ ಕಾನ್ಸಲನಾಗಿ ಸೇಬೈನರನ್ನು ಸೋಲಿಸಿದನು. ಇದಕ್ಕೆ ಮೆಚ್ಚಿ ಪ್ರಜೆಗಳು ಸಾರ್ವಜನಿಕ ವೆಚ್ಚದಿಂದ ಪ್ಯಾಲಟೈನ್ ಗುಡ್ಡದ ಮೇಲೆ ಆತನಿಗೊಂದು ಮನೆಯನ್ನು ಕಟ್ಟಿಸಿಕೊಟ್ಟರು. ಉಳಿದ ಮನೆಗಳ ಬಾಗಿಲುಗಳು ಒಳಕ್ಕೆ ತೆರೆಯುತ್ತಿರಲು ಈ ಮನೆಯ ಬಾಗಿಲು ಮಾತ್ರ ಬೀದಿಗೆ ತೆರೆಯತಕ್ಕದ್ದೆಂದು ವಿಧಿಸಿದರು. ಪ್ಲೂಟಾರ್ಕನು ಇದರ ತಾತ್ಪರ್ಯವನ್ನು ಹೀಗೆ ಬಿಡಿಸುತ್ತಾನೆ: ಬಾಗಿಲು ತೆರೆದಾಗಲೆಲ್ಲ ಆತನು ಸಾರ್ವಜನಿಕ ಗೌರವದಲ್ಲಿ ಪಾಲುಗೊಳ್ಳುತ್ತಿದ್ದನು. ಅಂದರೆ ಪಟ್ಟಣವು ತನ್ನ ನೆಲದ ಎರಡು ಮೂರು ಅಡಿಯನ್ನು ಅವನ ಕದಕ್ಕೆ ಬಿಟ್ಟುಕೊಟ್ಟಿತು. ಜಯಶಾಲಿಗಳಾದ ಸೇನಾನಿಗಳ ಮನೆಗಳ ನಡುವೆಯೂ ಇದು ಎದ್ದುಕಾಣುವ ಲಾಂಛನವಾಗಿತ್ತೆಂದು ಪ್ಲಿನಿಯು ಹೇಳುತ್ತಾನೆ. ಅಗಸ್ಟಸನ ಕಾಲದಲ್ಲಿ ರೋಮಿನಲ್ಲಿದ್ದ ಹಾಲಿಕಾರ್ನಾಸಸಿನ ಡಯೊನೀಸಿಯಸನಂತೂ, ಹತ್ತಿರದಲ್ಲಿ ಕಂಚಿನ ಗೂಳಿಯೊಂದು ನಿಂತಿರುವ ಆ ಮನೆಯ ಜೋಡಿ ಕದಗಳನ್ನು ಬಿಟ್ಟರೆ ರೋಮಿನಲ್ಲಿ ಹೊರಕ್ಕೆ ತೆರೆಯುವ ಬಾಗಿಲು ಇನ್ನೊಂದಿಲ್ಲವೆಂದು ಸ್ಪಷ್ಟವಾಗಿ ಬರೆದಿರುವನು. ಭೂಮಿಯನ್ನೋ ಹೊನ್ನನ್ನೋ ಕೊಟ್ಟು ಸನ್ಮಾನಿಸಿದವರು ಎಲ್ಲ ದೇಶಗಳಲ್ಲಿಯೂ ಉಂಟು. ಕದದ ಕೀಲನ್ನು ತಿರುಗಿಸಿ ಸನ್ಮಾನಿಸಿದ ಜಾಣ್ಮೆಯು ರೋಮನರಿಗೇ ಮೀಸಲು.

ಇದೇ ಪ್ರಸಂಗದಲ್ಲಿ ಪ್ಲೂಟಾರ್ಕನು ಇನ್ನೊಂದು ಮಾತನ್ನು ಸೇರಿಸುತ್ತಾನೆ. ಪೂರ್ವದಲ್ಲಿ ಗ್ರೀಕರ ಬಾಗಿಲುಗಳೆಲ್ಲ ಹೊರಕ್ಕೇ ತೆರೆಯುತ್ತಿದ್ದುವಂತೆ. ಇದಕ್ಕೆ ಸಾಕ್ಷಿ ಅವರ ಹಾಸ್ಯನಾಟಕಗಳು. ಆ ನಾಟಕಗಳಲ್ಲಿ ಮನೆಯಿಂದ ಹೊರಡುವ ಪಾತ್ರವು ಮೊದಲು ಒಳಗಿನಿಂದಲೇ ಬಾಗಿಲನ್ನು ಸದ್ದುಮಾಡುತ್ತದೆ. ಬೀದಿಯಲ್ಲಿ ನಿಂತವರಿಗೆ ಕದವು ಬಡಿಯದಿರಲೆಂದು ಈ ಎಚ್ಚರಿಕೆ. ಕೇಳುವುದಕ್ಕೆ ಸೊಗಸಾದ ಊಹೆ. ಬಹುಕಾಲ ಪಂಡಿತರು ಇದನ್ನು ಹಾಗೆಯೇ ಅಂಗೀಕರಿಸಿದ್ದರು. ಆದರೆ ನಾಟಕಗಳ ಮೂಲವನ್ನು ಸೂಕ್ಷ್ಮವಾಗಿ ಪರಿಶೀಲಿಸಿದ ಇತ್ತೀಚಿನ ವಿದ್ವಾಂಸರು, ಅಲ್ಲಿರುವುದು ಬಾಗಿಲು ತಟ್ಟುವ ಮಾತಲ್ಲ, ತೆರೆಯುವ ಕದವು ತಾನಾಗಿ ಕಿರುಗುಟ್ಟುವ ಮಾತು ಎಂದು ವಾದಿಸಿರುವರು. ಹೊಸ ಪಾತ್ರವು ರಂಗಕ್ಕೆ ಬರುತ್ತಿದೆಯೆಂದು ಪ್ರೇಕ್ಷಕರಿಗೆ ಸೂಚಿಸಲು ಕವಿಗೆ ಅದೊಂದು ಅನುಕೂಲ, ಅಷ್ಟೆ.

ಕವಿಗಳ ಮಾತಿಗಿಂತ ಕಲ್ಲಿನ ಮಾತು ಇಲ್ಲಿ ಹೆಚ್ಚು ನಂಬತಕ್ಕದ್ದು. ಮರದ ಕದಗಳು ಎಂದೋ ಮಣ್ಣುಗೂಡಿದರೂ ಹೊಸ್ತಿಲ ಕಲ್ಲುಗಳು ಉಳಿದಿವೆ. ಆಗಿನ ಕದಗಳಿಗೆ ಈಗಿನಂತಹ ಕೀಲುಗಳಿರಲಿಲ್ಲ. ಕದದ ಒಂದು ಅಂಚು ಮೇಲೆಯೂ ಕೆಳಗೆಯೂ ಗೂಟವಾಗಿ ಚಾಚಿಕೊಂಡಿದ್ದು, ಹೊಸ್ತಿಲಿನಲ್ಲಿಯೂ ಮೇಲಿನ ತೊಲೆಯಲ್ಲಿಯೂ ಕೊರೆದ ಗುಳಿಗಳಲ್ಲಿ ತಿರುಗುತ್ತಿತ್ತು. ಹೊಸ್ತಿಲ ಕಲ್ಲಿನ ಒಂದು ಪಾರ್ಶ್ವದಲ್ಲಿ ಕದವು ಬಂದು ತಡೆಯುವಂತೆ ಒಂದು ಎತ್ತರದ ಅಂಚನ್ನು ಬಿಟ್ಟಿರುತ್ತಾರೆ. ಆ ಅಂಚು ಬೀದಿಯ ಕಡೆಗೂ ಗುಳಿಯು ಮನೆಯ ಕಡೆಗೂ ಇದ್ದರೆ ಕದವು ಒಳಕ್ಕೆ ತೆರೆಯುತ್ತಿತ್ತೆಂದೇ ಅರ್ಥ. ಮೆಸಿಡೋನಿಯದ ಫಿಲಿಪ್ಪನು ಕ್ರಿ. ಪೂ. ೩೪೮ರಲ್ಲಿ ಹಾಳುಗೆಡವಿದ ಒಲಿಂಥಸ್ ಪಟ್ಟಣವನ್ನು ೧೯೨೮ರಿಂದ ಡೇವಿಡ್ ರಾಬಿನ್‌ಸನ್ ಎಂಬ ಅಮೆರಿಕದ ಪಂಡಿತನು ಅಗೆದು ತೆಗೆದನು. ಅಲ್ಲಿನ ಮನೆಗಳೂ ಇತರ ಗ್ರೀಕ್ ಪಟ್ಟಣಗಳ ಹೊಸ್ತಿಲುಗಳೂ ಬಹುಮಟ್ಟಿಗೆ ಹೇಳುವುದು ಇದನ್ನೇ: ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಹಿಪ್ಪಿಯಸನಿಗೆ ಹಣ ತೆತ್ತವರು ರೂಢಿಯನ್ನು ಮೀರಿದ ಕೆಲವರೇ ಇರಬೇಕು.

ರೂಢಿಯು ಹೀಗೇಕಾಯಿತು? ಮೊದಲನೆಯ ಕಾರಣವು ಭಯ. ಒಳಕ್ಕೆ ತೆರೆಯುವ ಕದದ ಗೂಟವೂ ಕೀಲೂ ಮನೆಯೊಳಗೆ ಇರುತ್ತವೆ. ಹೊರಗಿನ ಕಳ್ಳನ ಕೈಗೆ ಅವು ಸಿಕ್ಕುವುದಿಲ್ಲ. ಅಲ್ಲದೆ ಅದರ ಹಿಂದೆ ಅಡ್ಡದೊಣ್ಣೆಯನ್ನು ಕೊಟ್ಟು, ಬೇಕಾದರೆ ನೆಲಕ್ಕೊಂದು ಓರೆಗಂಬವನ್ನು ಊರಿ ಭದ್ರಪಡಿಸಬಹುದು. ಕ್ರಿ. ಶ. ೭೯ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇಯಿ ಪಟ್ಟಣದಲ್ಲಿ ಬಾಗಿಲ ಹಿಂದಿನ ನೆಲದಲ್ಲಿ ಇಂತಹ ಕಂಬಕ್ಕಾಗಿ ಮಾಡಿದ ಕುಳಿಗಳು ಕಂಡುಬಂದಿವೆ. ಮರವು ನಶಿಸಿ ಬೂದಿಯಲ್ಲಿ ಉಳಿದ ಪೊಳ್ಳಿಗೆ ಗಾರೆಯನ್ನು ಹೊಯ್ದು ಕದಗಳ ಆಕಾರವನ್ನೂ ಅಲ್ಲಿ ಪಡೆದಿರುವರು. ಕನ್ನಡ ನಾಡಿನ ಹಳೆಯ ತೊಟ್ಟಿಮನೆಗಳನ್ನು ಕಂಡವರಿಗೆ ಇದೊಂದೂ ಹೊಸದಲ್ಲ. ಮೇಲೂ ಕೆಳಗೂ ಗೂಟದ ಮೇಲೆ ತಿರುಗುವ ದಪ್ಪ ಹಲಗೆಯ ಜೋಡಿ ಕದ, ಗೋಡೆಯೊಳಗಿನ ಸಂದಿನಿಂದ ಎಳೆದು ಆಚೆಯ ಗೋಡೆಯ ಕಂಡಿಗೆ ತೂರಿಸುವ ಅಡ್ಡಮರ, ಕೋಟೆಯ ಹೆಬ್ಬಾಗಿಲಾದರೆ ದೊಡ್ಡ ಕದದೊಳಗೊಂದು ದಿಡ್ಡಿ, ಎಲ್ಲವೂ ಅದೇ ಭಯದ ಅದೇ ಪರಿಹಾರಗಳು.

ಎರಡನೆಯ ಕಾರಣವು ಮರ್ಯಾದೆ. ಹೊರಕ್ಕೆ ತೆರೆಯುವ ಬಾಗಿಲಿನ ಮುಂದೆ ನಿಂತ ಅತಿಥಿಯು ಹಿಂದಕ್ಕೆ ಸರಿಯಬೇಕಾಗುತ್ತದೆ. ಒಳಕ್ಕೆ ತೆರೆಯುವ ಬಾಗಿಲು ತಾನೇ ಹಿಂದಕ್ಕೆ ಸರಿದು ಅವನಿಗೆ ಎಡೆಗೊಡುತ್ತದೆ. ಹೊಸ್ತಿಲಿಗೆ ಅರಿಸಿನ ಕುಂಕುಮಗಳನ್ನಿಟ್ಟು ಅದರ ಮುಂದೆ ರಂಗವಲ್ಲಿಯನ್ನು ಹಾಕುವ ಗೃಹಿಣಿಯರ ದೃಷ್ಟಿಯಿಂದ ನೋಡಿದರೆ, ಕದವು ಆ ಕಡೆಗೆ ಸುಳಿಯದಿರುವುದೇ ಮೇಲು. ರೋಮನರಿಗೂ ಬಾಗಿಲು ದೇವತೆಗಳ ನೆಲೆಯೇ ಆಗಿತ್ತು: ಕದಕ್ಕೆ ಫೋರ್ಕುಲಸ್, ಕೀಲಿಗೆ ಕಾರ್ಡಿಯಾ, ಹೊಸ್ತಿಲಿಗೆ ಲಿಮೆಂಟಿನಸ್. ಒಂದು ಮನೆಗೆ ಒಬ್ಬ ಬಾಗಿಲುಕಾಯುವವನು ಸಾಕಾಗುವಾಗ, ಮನುಷ್ಯನೊಬ್ಬನು ಮಾಡುವ ಕೆಲಸಕ್ಕೆ ಮೂವರು ದೇವರೇ ಎಂದು ಸಂತ ಅಗಸ್ಟೀನನು ಹಾಸ್ಯಮಾಡಿರುವನು. ಕದ, ಕೀಲು, ಹೊಸ್ತಿಲು ಮೂರೂ ಒಂದಕ್ಕೊಂದು ಹೊಂದದ ಬಾಗಿಲನ್ನು ಮಳೆಗಾಲದಲ್ಲಿ ಎಳೆದು ಸೋತವರು ಆ ಹಾಸ್ಯವನ್ನು ಪೂರ್ತಿ ಒಪ್ಪಲಾರರು.

ಹೀಗೆ ಮನೆಯ ಬಾಗಿಲು ಒಳಕ್ಕೆ ತೆರೆಯುವುದಕ್ಕೆ ತಕ್ಕ ಕಾರಣಗಳಿದ್ದುವು. ಕೇಡು ಹುಟ್ಟಿದುದು, ಮನೆಗೆ ಒಪ್ಪುವ ಆ ರೂಢಿಯನ್ನೇ ಯಾರೂ ವಿಚಾರಿಸದೆ ನೂರಾರು ಜನ ಸೇರುವ ಸಭಾಶಾಲೆಗಳಿಗೂ ನಾಟಕಶಾಲೆಗಳಿಗೂ ಅನ್ವಯಿಸಿದಾಗ. ಮನೆಯಲ್ಲಿ ಐದಾರು ಮಂದಿ. ಒಬ್ಬನು ಹೆಜ್ಜೆ ಹಿಂದಿಟ್ಟು ಕದವನ್ನು ಎಳೆದರೆ ತೆರೆಯುತ್ತದೆ. ಸಾವಿರ ಮಂದಿಯ ನಡುವೆ ಹಿಂದಕ್ಕೆ ಹೆಜ್ಜೆಯಿಡಲು ತಾವೆಲ್ಲಿ? ಮುಂದಿನವನು ಕದಕ್ಕೆ ಒತ್ತಿಕೊಂಡಿರುತ್ತಾನೆ, ಹಿಂದಿನವರು ಅವನನ್ನು ಇನ್ನಷ್ಟು ಒತ್ತುತ್ತಾರೆ; ಎಳೆಯಬೇಕಾದ ಕದವನ್ನು ಗುಂಪೇ ಮುಚ್ಚಿ ಹಿಡಿಯುತ್ತದೆ. ಬೀಗವಿಲ್ಲದ ಬಾಗಿಲೇ ಗೋಡೆಯಾಗುತ್ತದೆ.

೧೮೮೧ರ ಡಿಸೆಂಬರ್ ೮ರಂದು ವಿಯೆನ್ನ ನಗರದ ರಿಂಗ್ ನಾಟಕಶಾಲೆಯು ಹೊತ್ತಿ ಉರಿದು, ಸರ್ಕಾರದ ಲೆಕ್ಕದಂತೆಯೇ ೩೮೪ ಮಂದಿ ಸತ್ತರು. ಒಳಕ್ಕೆ ತೆರೆಯುವ ಬಾಗಿಲುಗಳೂ ಅದರ ಕಾರಣಗಳಲ್ಲಿ ಒಂದು. ಆದರೆ ಬೆಂಕಿಯೇ ಇಲ್ಲದೆ ಬಾಗಿಲೊಂದೇ ಕೊಲ್ಲಬಲ್ಲುದೆಂದು ತೋರಿಸಿದುದು ಇಂಗ್ಲೆಂಡಿನ ಸಂಡರ್ಲೆಂಡ್ ಪಟ್ಟಣ. ೧೮೮೩ರ ಜೂನ್ ೧೬ರಂದು ಅಲ್ಲಿನ ವಿಕ್ಟೋರಿಯಾ ಹಾಲಿನಲ್ಲಿ ಮಕ್ಕಳಿಗಾಗಿ ಒಂದು ಮನರಂಜನೆಯು ಏರ್ಪಟ್ಟಿತ್ತು. ಮೇಲಿನ ಅಂತಸ್ತಿನಲ್ಲಿ ಸುಮಾರು ಸಾವಿರದ ನೂರು ಮಕ್ಕಳಿದ್ದರು. ಅವರೊಡನೆ ದೊಡ್ಡವರು ಬಹಳ ಕಡಮೆ. ಆಟದ ಕೊನೆಯಲ್ಲಿ ಬಹುಮಾನಗಳನ್ನು ಹಂಚುವುದಾಗಿ ಸಾರಿದರು. ಕೆಳಗಿನ ಮಕ್ಕಳಿಗೆ ವೇದಿಕೆಯಿಂದಲೇ ಹಂಚಲು ಮೊದಲಾಯಿತು. ತಮಗೆ ತಪ್ಪಿಹೋದೀತೆಂಬ ಆತುರದಿಂದ ಮೇಲಿನ ಮಕ್ಕಳು ಮೆಟ್ಟಲಿಳಿದು ಓಡಿದರು. ಕೆಳಗಡೆಯ ಬಾಗಿಲು ಮೆಟ್ಟಲುಗಳ ಕಡೆಗೆ, ಅಂದರೆ ಬರುತ್ತಿದ್ದ ಮಕ್ಕಳ ಕಡೆಗೇ, ತೆರೆಯತಕ್ಕದ್ದು. ಅದೂ ಪೂರ್ತಿ ತೆರೆದಿರಲಿಲ್ಲ. ಚೀಟಿಗಳನ್ನು ನೋಡಿ ಒಬ್ಬೊಬ್ಬರನ್ನೇ ಬಿಡಲೆಂದೋ ಏನೋ, ಒಂದು ಮಗು ಮಾತ್ರ ನುಸುಳುವಷ್ಟು ಸಂದನ್ನು ಬಿಟ್ಟು ಅದರ ಅಗುಳಿಯನ್ನು ನೆಲದ ಕುಳಿಗೆ ಇಳಿಸಿದ್ದರು. ಮುಂದಿನ ಮಕ್ಕಳು ಅಲ್ಲಿ ಸಿಕ್ಕಿಕೊಂಡರು. ಹಿಂದಿನವರಿಗೆ ಇದು ತಿಳಿಯದು. ಮೆಟ್ಟಲ ತಿರುವಿನಿಂದ ಬಂದು ಬಂದು ಅವರ ಮೇಲೆ ಬಿದ್ದರು. ಓಡಿಬಂದ ದೊಡ್ಡವರು ಹೊರಗಿನಿಂದ ಕದವನ್ನು ತಳ್ಳಿ ತೆರೆಯಲಾರದೆ ಹೋದರು, ಏಕೆಂದರೆ ಅಗುಳಿಯು ಮಕ್ಕಳ ಕಡೆಗಿತ್ತು. ಆ ಸಂದಿನಿಂದಲೇ ಒಬ್ಬೊಬ್ಬರನ್ನಾಗಿ ಎಳೆದು ತೆಗೆಯಬೇಕಾಯಿತು. ೧೮೩ ಮಕ್ಕಳು ಉಸಿರುಕಟ್ಟಿ ಸತ್ತರು. ಅತಿ ಚಿಕ್ಕ ಮಗುವಿಗೆ ಮೂರು ವರ್ಷ, ಅತಿ ದೊಡ್ಡದಕ್ಕೆ ಹದಿನಾಲ್ಕು. ಒಂದೇ ಮನೆಯ ಮಕ್ಕಳೆಲ್ಲರೂ ಹೋದ ಕುಟುಂಬಗಳಿದ್ದುವು. ವಿಚಾರಣೆಗಳು ನಡೆದುವು, ಅಗುಳಿಯನ್ನು ಹಾಕಿದವರು ಯಾರೆಂಬುದು ಮಾತ್ರ ಕೊನೆಗೂ ನಿರ್ಧಾರವಾಗಲಿಲ್ಲ.

ಈ ದುರಂತದ ತರುವಾಯ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಮಂದಿರಗಳ ಬಾಗಿಲುಗಳು ಹೊರಕ್ಕೆ ತೆರೆಯಬೇಕೆಂಬ ಅಭಿಪ್ರಾಯವು ಬಲವಾಯಿತು. ಅಲ್ಲಿನ ರಾಬರ್ಟ್ ಅಲೆಕ್ಸಾಂಡರ್ ಬ್ರಿಗ್ಸ್ ಎಂಬುವನು, ಒಳಗಿನಿಂದ ಮೈಯೊತ್ತಿದೊಡನೆಯೇ ಬಿಚ್ಚಿಕೊಳ್ಳುವ ಅಗುಳಿಯೊಂದಕ್ಕೆ ೧೮೯೨ರಲ್ಲಿ ಹಕ್ಕುಪತ್ರವನ್ನು ಪಡೆದನು. ಗುಂಪಿನ ಒತ್ತಡವೇ ಬಾಗಿಲನ್ನು ತೆರೆಯುವಂತೆ ಮಾಡಿದ ಉಪಾಯವಿದು. ಆದರೂ ಪಾಠವು ಕಡಲನ್ನು ದಾಟಲು ಇನ್ನೂ ಹನ್ನೊಂದು ವರ್ಷಗಳೂ ಆರುನೂರು ಪ್ರಾಣಗಳೂ ಬೇಕಾದುವು.

ಷಿಕಾಗೋ ನಗರದ ಇರೋಕ್ವಾ ನಾಟಕಶಾಲೆಯು ೧೯೦೩ರ ನವೆಂಬರಿನಲ್ಲಿ ತೆರೆದಾಗ ಅದನ್ನು ಬೆಂಕಿಗೆ ಸಂಪೂರ್ಣ ಅಭೇದ್ಯವೆಂದು ಜಾಹೀರು ಮಾಡಿದ್ದರು. ಅದೇ ಡಿಸೆಂಬರ್ ೩೦ರ ಮಧ್ಯಾಹ್ನದ ಆಟದಲ್ಲಿ ರಂಗದ ಪರದೆಗಳಿಗೆ ಕಿಡಿ ತಗುಲಿತು. ರಜೆಯ ದಿನಗಳಾದುದರಿಂದ ಪ್ರೇಕ್ಷಕರಲ್ಲಿ ತಾಯಂದಿರೂ ಮಕ್ಕಳೂ ಹೆಚ್ಚು. ಕೆಲವು ಬಾಗಿಲುಗಳು ಒಳಕ್ಕೆ ತೆರೆಯುತ್ತಿದ್ದುವು. ಕೆಲವಕ್ಕೆ ಜನರಿಗೆ ಪರಿಚಯವೇ ಇಲ್ಲದ ಬಗೆಯ ಅಗುಳಿಗಳಿದ್ದುವು. ಮೆಟ್ಟಲುಗಳ ನಡುವೆ ಬೀಗ ಹಾಕಿದ ಕಬ್ಬಿಣದ ಗೇಟುಗಳೂ ಇದ್ದುವು. ಮೃತರ ಸಂಖ್ಯೆ ೬೦೨. ಕಟ್ಟಡದ ಗೋಡೆಗಳು ಮಾತ್ರ ಜಾಹೀರಾತಿನಲ್ಲಿ ಹೇಳಿದಂತೆ ನಿಂತೇ ಇದ್ದುವು. ಆ ದಿನ ಅದೇ ಆಟಕ್ಕೆ ಹೋಗಬೇಕೆಂದಿದ್ದು ಕಾರ್ಯಾಂತರದಿಂದ ತಪ್ಪಿಸಿಕೊಂಡ ಕಾರ್ಲ್ ಪ್ರಿನ್‌ಜ್ಲರನೆಂಬ ಕಬ್ಬಿಣದ ಸಾಮಾನುಗಳ ವ್ಯಾಪಾರಿಯು, ಹೆನ್ರಿ ಡುಪಾಂಟನೆಂಬ ವಾಸ್ತುಶಿಲ್ಪಿಯೊಡಗೂಡಿ, ಕದದ ಉದ್ದಗಲಕ್ಕೆ ಅಡ್ಡಲಾಗಿರುವ ತಳ್ಳುಗೋಲಿನ ಅಗುಳಿಯನ್ನು ರಚಿಸಿ ೧೯೦೮ರಲ್ಲಿ ಮಾರಾಟಕ್ಕೆ ತಂದನು. ಸಿನಿಮಾಮಂದಿರಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಇಂದು ಕಾಣುವ ಅಡ್ಡಗೋಲುಗಳು ಇವುಗಳ ಸಂತತಿ.

ಇಂತಹ ಕಥೆಗಳು ಒಮ್ಮೆ ಪ್ರಚಾರಕ್ಕೆ ಬಂದರೆ ಎಲ್ಲ ದುರಂತಗಳಿಗೂ ಅಂಟಿಕೊಳ್ಳುವುದುಂಟು. ೧೯೦೮ರ ಮಾರ್ಚ್ ೪ರಂದು ಅಮೆರಿಕದ ಕ್ಲೀವ್‌ಲೆಂಡ್ ಬಳಿಯ ಕಾಲಿನ್‌ವುಡ್ ಶಾಲೆಯಲ್ಲಿ ಬೆಂಕಿ ಬಿದ್ದು ೧೭೨ ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ರಕ್ಷಿಸಲು ಬಂದ ಒಬ್ಬನೂ ಸತ್ತಾಗ, ಒಳಕ್ಕೆ ತೆರೆಯುವ ಬಾಗಿಲೇ ಕಾರಣವೆಂದು ಪತ್ರಿಕೆಗಳು ಬರೆದುವು. ಇಂದಿಗೂ ಹಾಗೆ ಬರೆಯುವವರಿದ್ದಾರೆ. ಆದರೆ ವಿಚಾರಣೆಯಲ್ಲಿ ಆ ಬಾಗಿಲುಗಳು ಹೊರಕ್ಕೇ ತೆರೆಯುತ್ತಿದ್ದುವೆಂದು ಸಿದ್ಧವಾಯಿತು. ಬಾಗಿಲಿನ ಒಳಗಡೆಯ ಪಡಸಾಲೆಯನ್ನು ಇಕ್ಕಟ್ಟುಮಾಡಿದ್ದ ಅಡ್ಡಗೋಡೆಗಳ ನಡುವೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಸಿಕ್ಕಿಕೊಂಡಿದ್ದರು. ಕದದ ದಿಕ್ಕನ್ನು ತಿದ್ದಿ, ಅದಕ್ಕೆ ಹೋಗುವ ದಾರಿಯನ್ನು ಇಕ್ಕಟ್ಟಾಗಿ ಬಿಟ್ಟರೆ ಫಲವೇನು?

ಅನಂತರದ ನಿಬಂಧನೆಗಳು ಈ ಎರಡನ್ನೂ ಗಮನಿಸಿವೆ. ಅಮೆರಿಕದಲ್ಲಿ ಪ್ರಚಾರದಲ್ಲಿರುವ ಕಟ್ಟಡ ನಿಯಮಗಳಂತೆ, ಸಾಮಾನ್ಯವಾಗಿ ಐವತ್ತು ಅಥವಾ ಹೆಚ್ಚು ಜನ ಸೇರುವ ಕೋಣೆಯ ಬಾಗಿಲು ಜನರು ಹೊರಡುವ ದಿಕ್ಕಿಗೇ ತೆರೆಯಬೇಕು. ೧೯೭೦ರಲ್ಲಿ ಮೊದಲು ಪ್ರಕಟವಾದ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ನಿರ್ಗಮನದ ಬಾಗಿಲುಗಳು ಕೋಣೆಯಿಂದ ಹೊರಕ್ಕೆ ತೆರೆಯತಕ್ಕದ್ದೆಂದೂ, ಹಾಗೆ ತೆರೆದ ಕದವು ಹೊರಗಿನ ದಾರಿಗೆ ಅಡ್ಡಬರಕೂಡದೆಂದೂ ವಿಧಿಸುತ್ತದೆ. ಈ ವಾಕ್ಯದ ಮೊದಲರ್ಧದಲ್ಲಿ ಸಂಡರ್ಲೆಂಡಿನ ಮಕ್ಕಳೂ ಎರಡನೆಯ ಅರ್ಧದಲ್ಲಿ ಅಥೆನ್ಸಿನ ನಗರಪಾಲಕರೂ ಇರುವರೆನ್ನಬಹುದು. ಒಂದು ಸಂಸಾರದ ಮನೆಯ ತಲೆಬಾಗಿಲಿಗೆ ಬಂದಾಗ ಮಾತ್ರ ಹೆಚ್ಚಿನ ದೇಶಗಳಲ್ಲಿ ಕಾನೂನು ಸುಮ್ಮನಾಗಿ ಯಜಮಾನನ ಇಚ್ಛೆಗೇ ಬಿಡುತ್ತದೆ.

ಅಲ್ಲಿಯೂ ಎಲ್ಲರ ಇಚ್ಛೆ ಒಂದೇ ತೆರನಾಗಿಲ್ಲ. ಹಿಮ ಬೀಳುವ ದೇಶಗಳಲ್ಲಿ ರಾತ್ರಿ ಕೂಡಿದ ಹಿಮವು ಹೊರಕ್ಕೆ ತೆರೆಯುವ ಬಾಗಿಲನ್ನು ತಡೆದೀತೆಂದು ಹೇಳುವ ವಾಡಿಕೆಯುಂಟು. ಯುಕ್ತಿಗೆ ಒಪ್ಪುವ ಮಾತೇ ಸರಿ. ಆದರೆ ಹಿಮಕ್ಕೆ ಹೆಸರಾದ ಸ್ವೀಡನ್ ಫಿನ್ಲೆಂಡ್‌ಗಳಲ್ಲಿ ಮನೆಗಳ ಹೊರಬಾಗಿಲುಗಳು ಸಾಮಾನ್ಯವಾಗಿ ಹೊರಕ್ಕೇ ತೆರೆಯುತ್ತವೆ! ಅಮೆರಿಕದ ದಕ್ಷಿಣ ಫ್ಲಾರಿಡಾದಲ್ಲಿ ಇನ್ನೊಂದು ನ್ಯಾಯ. ೧೯೯೨ರ ಆಗಸ್ಟ್ ೨೪ರಂದು ಆಂಡ್ರ್ಯೂ ಎಂಬ ಚಂಡಮಾರುತವು ಅಲ್ಲಿ ಸಹಸ್ರಾರು ಮನೆಗಳನ್ನು ಧ್ವಂಸಮಾಡಿದ ಮೇಲೆ ಅಲ್ಲಿನ ಕಟ್ಟಡ ನಿಯಮಗಳು ಬಹು ಬಿಗಿಯಾದುವು. ಗಾಳಿಯು ಮನೆಯನ್ನು ಹೊಕ್ಕರೆ ಮಾಡನ್ನೇ ಎತ್ತಿಬಿಡುತ್ತದೆ. ಒಳಕ್ಕೆ ತೆರೆಯುವ ಕದವನ್ನು ಬಿರುಗಾಳಿಯು ಅಗುಳಿ ಸಹಿತ ಒಳಕ್ಕೆ ನೂಕಲು ನೋಡುತ್ತದೆ. ಹೊರಕ್ಕೆ ತೆರೆಯುವ ಕದವನ್ನಾದರೆ ಅದೇ ಗಾಳಿಯು ಬಾಗಿಲವಾಡದ ಅಂಚಿಗೆ ಇನ್ನಷ್ಟು ಅದುಮುತ್ತದೆ. ಆದುದರಿಂದ ಅಲ್ಲಿ ಹೊರಮುಖದ ಬಾಗಿಲುಗಳೇ ಹೆಚ್ಚು. ಹೊರಗೆ ಕಾಣುವ ಕೀಲನ್ನು ಕಳ್ಳನು ಬಿಚ್ಚದಂತೆ, ಹೊರಗಿನಿಂದ ಕಳಚಲಾಗದ ಮೊಳೆಯ ಕೀಲುಗಳು ಈಗ ದೊರೆಯುತ್ತವೆ. ಒಳಮುಖದ ಬಾಗಿಲಿನ ಪುರಾತನ ಸಮರ್ಥನೆಯೊಂದು ಇದರಿಂದ ಸಡಿಲವಾಗಿದೆ.

ಕನ್ನಡ ನಾಡಿನ ನಗರಗಳಲ್ಲಿ ಈಗ ಎದ್ದಿರುವ ಬಹುಮಹಡಿ ವಸತಿಗೃಹಗಳಲ್ಲಿ ಈ ಎರಡು ಪದ್ಧತಿಗಳೂ ಒಂದೇ ಬಾಗಿಲವಾಡದಲ್ಲಿ ಕೂಡಿಕೊಂಡಿರುವುದನ್ನು ಕಾಣಬಹುದು. ತೇಗದ ತಲೆಬಾಗಿಲು ಎಂದಿನಂತೆ ಒಳಕ್ಕೆ ತೆರೆಯುತ್ತದೆ. ಗಾಳಿಗೂ ಭದ್ರತೆಗೂ ಅದರ ಮುಂದೆ ಕೂಡಿಸಿದ ಕಬ್ಬಿಣದ ಜಾಲರಿಯ ಬಾಗಿಲು ಹೊರಕ್ಕೆ, ಎಲ್ಲರಿಗೂ ಸೇರಿದ ಓಣಿಯೊಳಕ್ಕೆ, ತೆರೆಯುತ್ತದೆ. ನಾಲ್ಕೈದು ಅಡಿಯ ಆ ಓಣಿಯಲ್ಲಿ ಎದುರುಬದುರಿನ ಎರಡು ಮನೆಗಳ ಜಾಲರಿಗಳು ಏಕಕಾಲದಲ್ಲಿ ತೆರೆದರೆ ನಡುವೆ ಹಾದುಹೋಗಲು ಎಡೆಯಿರುವುದಿಲ್ಲ. ಮೆಟ್ಟಲಿಗೆ ಹೋಗುವ ದಾರಿಯೂ ಅದೇ. ನಿವಾಸಿಗಳ ಸಂಘದ ಸಭೆಗಳಲ್ಲಿ ಇದರ ಚರ್ಚೆಯು ನಡೆಯುವುದುಂಟು. ಓಣಿಯು ಎಲ್ಲರದೆಂದು ಕೆಲವರು, ಜಾಲರಿಯು ತಮ್ಮ ಹಣದ್ದೆಂದು ಕೆಲವರು. ಹಿಪ್ಪಿಯಸನಂತೆ ಬೆಲೆ ಕಟ್ಟಿ ಮಾರುವ ಅಧಿಕಾರವು ಸಂಘದ ಕಾರ್ಯದರ್ಶಿಗೆ ಇಲ್ಲದಿರುವುದರಿಂದ ಮಾತು ಮುಂದಿನ ಸಭೆಗೆ ಹೋಗುತ್ತದೆ.